ಮಲಗಿಸಿ ತೆಗೆದ ಫಿಲ್ಮುಗಳು

ಕತ್ತಲ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಬೆಳಕಿಗೆ ಬರುವ ಮೊದಲು ಬಾಗಿಲ ಬಳಿ ಒಂದು ಗಳಿಗೆ ನಿಲ್ಲುತ್ತಾನೆ. ನಾನು ಈಗಲೂ ಬಚ್ಚಲು ಮನೆಯಿಂದ ಹೊರಬರುವಾಗ ಹಾಗೆ ನಿಲ್ಲುತ್ತೇನೆ, ಮನೆಯವರು ನಗುತ್ತಾರೆ. ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣೆದುರು ಮಂಡಿಗಳು ತೇಲಿ ಹೋಗುತ್ತವೆ. ಲೋಹದ ಟೋಪಿ ತೊಟ್ಟ ತೊಡೆಮೂಳೆ, ಲೋಹದ ತಟ್ಟೆ ಹೊತ್ತ ಕಾಲುಮೂಳೆ, ಎರಡರ ನಡುವೆ ಒಂದು ಕಪ್ಪು ಸಂದು. ಮುಖಗಳು ಕಾಣುವುದಿಲ್ಲ. ಮುಖಗಳನ್ನು ನಾನು ಆಗಲೂ ಸರಿಯಾಗಿ ನೋಡಿರಲಿಲ್ಲ.

ಬಸವೇಶ್ವರನಗರದ ಒಂದು ಮೂಳೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಓದಿದ್ದು ಎಸ್ಸೆಸ್ಸೆಲ್ಸಿ. ಆ ದಿನಗಳಲ್ಲಿ ಸಣ್ಣ ಆಸ್ಪತ್ರೆಗಳಲ್ಲಿ ನಮ್ಮಂಥವರೇ ಫಿಲ್ಮ್ ತೆಗೆಯುತ್ತಿದ್ದೆವು, ನಾವೇ ತೊಳೆಯುತ್ತಿದ್ದೆವು. ಈಗ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುವ ಮಕ್ಕಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಕಾಯಂ ಆದೆ, ಯಾವಾಗ ಸಂಬಳ ಏರಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಉಪಯೋಗವಾಗಬಹುದು.

ನನಗೆ ಕೆಲಸ ಕಲಿಸಿದವರು ಮುನಿಸ್ವಾಮಣ್ಣ. ನಾನು ಸೇರುವ ಹೊತ್ತಿಗೆ ಅವರ ಬೆರಳ ತುದಿಗಳು ಫಿಲ್ಮ್ ತೊಳೆಯುವ ಮದ್ದಿನ ನೀರಿನಿಂದ ಕಂದು ಬಣ್ಣಕ್ಕೆ ತಿರುಗಿದ್ದವು. ಕೆಂಪು ಬಲ್ಬಿನ ಮಂಕಿನಲ್ಲಿ ಫಿಲ್ಮನ್ನು ಮದ್ದಿನ ತೊಟ್ಟಿಗೆ ಇಳಿಸಿ, ‘ಎಣಿಸಬೇಡ ಕಣೋ, ನೋಡ್ತಾ ಇರು. ಅದೇ ಎದ್ದು ಬರುತ್ತೆ’ ಅನ್ನುತ್ತಿದ್ದರು. ನಿಜವಾಗಿ ಎದ್ದು ಬರುತ್ತಿತ್ತು. ಮೊದಲು ಮಂಜು, ಆಮೇಲೆ ಮಂಜಿನೊಳಗೆ ಮೂಳೆಯ ಅಂಚು. ಕೆರೆಯ ತಳದಿಂದ ಯಾರೋ ನಿಧಾನವಾಗಿ ಮೇಲೆ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಬೀದಿಯಲ್ಲಿ ಸ್ಕೂಟರುಗಳ ಹಾರನ್ನು, ತರಕಾರಿಯವಳ ಕೂಗು. ಒಳಗೆ ನಾವಿಬ್ಬರು, ತೊಟ್ಟಿಕ್ಕುವ ನೀರು. ಎಷ್ಟೋ ಸಲ ನನಗೆ ಹೊತ್ತೇ ತಿಳಿಯುತ್ತಿರಲಿಲ್ಲ.

ಸೇರಿದ ತಿಂಗಳಲ್ಲೇ ಫಿಲ್ಮಿನ ಡಬ್ಬಿಯ ಮುಚ್ಚಳ ಹಾಕದೆ ಬಾಗಿಲು ತೆರೆದೆ. ಡಬ್ಬಿಗೆ ಡಬ್ಬಿಯೇ ಬೆಳಕು ಕುಡಿದು ಹಾಳಾಯಿತು. ದೊಡ್ಡ ಡಾಕ್ಟರು ಕೂಗಾಡಿದರು. ಆಸ್ಪತ್ರೆ ಅವರದೇ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುನಿಸ್ವಾಮಣ್ಣ ಮಧ್ಯೆ ಬಂದು, ‘ನಂದೇ ತಪ್ಪು ಸಾರ್, ಕೈ ಜಾರ್ತು’ ಅಂದುಬಿಟ್ಟರು. ಆಮೇಲೆ ಕತ್ತಲಲ್ಲಿ ನನಗೆ ಹೇಳಿದ್ದು ಇಷ್ಟು: ‘ಹಾಳಾದ ಫಿಲ್ಮು ಪರವಾಗಿಲ್ಲ ನಂಜುಂಡ, ಎಲ್ಲರಿಗೂ ಕಾಣುತ್ತೆ. ಚೆನ್ನಾಗಿ ಬಂದಿರೋ ಸುಳ್ಳು ಫಿಲ್ಮ್ ಇದೆ ನೋಡು, ಅದು ಯಾರಿಗೂ ಕಾಣಲ್ಲ.’ ಎಕ್ಸ್‌ರೇ ಹೇಗೆ ಸುಳ್ಳು ಹೇಳುತ್ತದೆ ಎಂದು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಅವರು ನಿವೃತ್ತರಾಗಿ ಕೋಲಾರದ ಕಡೆ ಹೊರಟುಹೋಗಿದ್ದರು.

ಎರಡು ಸಾವಿರದ ಇಸವಿ ದಾಟುವಾಗ ನಮ್ಮಲ್ಲಿ ಮಂಡಿ ಬದಲಿಸುವ ಆಪರೇಷನ್ ಹೆಚ್ಚಾಯಿತು. ರಾಜಾಜಿನಗರ, ವಿಜಯನಗರ, ಕೆಂಗೇರಿಯಿಂದ ಹಿರಿಯರು ಬರತೊಡಗಿದರು. ಬಾಗಿದ ಕಾಲಿನಲ್ಲಿ ಗೋಡೆ ಹಿಡಿದು ಬಂದವರು ಕೆಲವು ವಾರಗಳಲ್ಲಿ ನೆಟ್ಟಗೆ ನಡೆದು ಹೋಗುವುದನ್ನು ನೋಡಿದರೆ ಕನಸು ಕಂಡಂತಾಗುತ್ತಿತ್ತು. ರಾಜಾಜಿನಗರದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ತಮ್ಮ ಫಿಲ್ಮನ್ನು ಕಿಟಕಿಗೆ ಹಿಡಿದು, ‘ಇದು ನಾನೇನಯ್ಯ? ನಮ್ಮ ತಾತ ಮುತ್ತಾತ ಯಾರೂ ಇಷ್ಟು ಹೊಳೆದಿರಲಿಲ್ಲ’ ಅಂದರು. ಬೇರೆಯವರ ಫಿಲ್ಮ್ ನಮ್ಮಲ್ಲೇ ಉಳಿಯುತ್ತಿತ್ತು, ಅವರು ಮಾತ್ರ ಹಟ ಮಾಡಿ ಅದನ್ನು ಮನೆಗೆ ಒಯ್ದು ಹಜಾರದ ಕಿಟಕಿಗೆ ಅಂಟಿಸಿಕೊಂಡರಂತೆ. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಡಾಕ್ಟರು ಮಾತ್ರ ಖುಷಿಯಲ್ಲಿ ಮೈಮರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಫಿಲ್ಮ್ ನೋಡುವ ಬೆಳಕಿನ ಪೆಟ್ಟಿಗೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು.

‘ಈ ಎರಡು ಲೋಹದ ಮಧ್ಯೆ ಏನಿದೆ ಹೇಳು?’

‘ಏನೂ ಇಲ್ಲ ಸಾರ್. ಖಾಲಿ.’

‘ಖಾಲಿ ಅಲ್ಲ ಕಣಯ್ಯ. ಅಲ್ಲಿ ಪ್ಲಾಸ್ಟಿಕ್ ಬಿಲ್ಲೆ ಇದೆ. ಎಕ್ಸ್‌ರೇಗೆ ಕಾಣಲ್ಲ ಅಷ್ಟೆ. ನಡೆದಷ್ಟೂ ಅದು ಸವೆಯುತ್ತೆ. ಎಷ್ಟು ಸವೆದಿದೆ ಅಂತ ಈ ಸಂದು ನೋಡಿಯೇ ಹೇಳ್ಬೇಕು. ಮೈಭಾರ ಬಿದ್ದಾಗ ಮಾತ್ರ ಸಂದು ನಿಜ ಹೇಳುತ್ತೆ. ಮಲಗಿದ್ರೆ ಮಂಡಿ ಸಡಿಲ ಆಗಿ ಸಂದು ತೆರೆದುಕೊಳ್ಳುತ್ತೆ. ಅದಕ್ಕೇ ಪ್ರತಿ ವರ್ಷ, ನೋವಿರಲಿ ಇಲ್ಲದಿರಲಿ, ನಿಂತ ಫಿಲ್ಮ್ ಬೇಕು. ತಿಳೀತಾ?’

ತಿಳಿಯಿತು. ಅದನ್ನು ಒತ್ತಿ ಹೇಳಬೇಕು. ನನಗೆ ತಿಳಿದಿತ್ತು.

ಬಹಳ ಜನಕ್ಕೆ ಈ ಮಂಡಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ, ಯಾರಿಗೆ ಬಾಳುವುದಿಲ್ಲ ಎಂದು ಮೊದಲೇ ಹೇಳಲಾಗುವುದಿಲ್ಲ ಎಂದೂ ಅವರು ಹೇಳುತ್ತಿದ್ದರು. ಸವೆದ ಪ್ಲಾಸ್ಟಿಕ್ಕಿನ ಪುಡಿ ಹಿಟ್ಟಿನಂತೆ ಒಳಗೆ ಉಳಿಯುತ್ತದೆ. ದೇಹ ಆ ಪುಡಿಯ ಮೇಲೆ ಜಗಳಕ್ಕೆ ಬಿದ್ದು ತನ್ನದೇ ಮೂಳೆಯನ್ನು ತಿಂದುಕೊಳ್ಳುತ್ತದೆ. ಬೇಗ ಕಂಡರೆ ಬಿಲ್ಲೆಯೊಂದನ್ನೇ ಬದಲಿಸಿದರೆ ಸಾಕಾಗಬಹುದು. ತಡವಾದರೆ ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಬೇಕು. ಆಮೇಲೆ ಕಟ್ಟಿದ್ದು ಮೊದಲಿನದರಷ್ಟು ಬಾಳುವುದಿಲ್ಲ. ಮೂಳೆ ತಿನ್ನುವಾಗ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ.

ನಮ್ಮ ಹಳೆಯ ಯಂತ್ರದ ಕಿರಣ ಬಿಡುವ ಕೊಳವೆ ನೆಲದ ಹತ್ತಿರಕ್ಕೆ ಇಳಿಯುತ್ತಿರಲಿಲ್ಲ. ಆದ್ದರಿಂದ ರೋಗಿಯೇ ಮೇಲೆ ಹತ್ತಬೇಕು. ಬಡಗಿಯಿಂದ ಎರಡು ಮೆಟ್ಟಿಲಿನ ಒಂದು ಮರದ ಪೀಠ ಮಾಡಿಸಿದ್ದೆವು. ಅದರ ಮೇಲೆ ನಿಂತರೆ ಹಿಡಿಯಲು ಏನೂ ಇಲ್ಲ, ಹಿಂದೆ ಫಿಲ್ಮಿನ ಪೆಟ್ಟಿಗೆ ಇಡುವ ಮರದ ಸ್ಟ್ಯಾಂಡು ಮಾತ್ರ. ಫಿಲ್ಮಿನ ಮೂಲೆಯಲ್ಲಿ ಎಡ ಬಲ ತಿಳಿಯಲು ಸೀಸದ ಅಕ್ಷರ ಇಡುತ್ತಿದ್ದೆವು, ನಿಂತ ಫಿಲ್ಮಿಗೆ ಅದರ ಜೊತೆಗೊಂದು ಸೀಸದ ಬಾಣ. ಬಾಣ ಕಂಡರೆ ಡಾಕ್ಟರು ನಿಂತದ್ದೆಂದು ನಂಬುತ್ತಿದ್ದರು.

ಒಂದು ದಿನ ಒಬ್ಬ ಮುದುಕರು ಆ ಪೀಠದ ಮೇಲೆ ತಲೆ ತಿರುಗಿ ವಾಲಿದರು. ನಾನು ಓಡಿಹೋಗಿ ಎದೆಗೆ ಎದೆ ಕೊಟ್ಟು ಹಿಡಿದೆ. ಏನೂ ಆಗಲಿಲ್ಲ. ಆದರೆ ಡಾಕ್ಟರು, ‘ಒಬ್ಬರು ಬಿದ್ರೂ ನೀನು ಮನೆಗೆ ಹೋಗ್ತೀಯ’ ಅಂದರು. ಮರುವಾರ ಒಬ್ಬ ಅಜ್ಜಿ ಪೀಠ ನೋಡಿ ನಡುಗಿದರು. ‘ಬನ್ನಿ ಅಮ್ಮ, ಮಲಗಿಸಿಯೇ ತೆಗೀತೀನಿ’ ಅಂದೆ. ಮಲಗಿಸಿದೆ. ಮಂಡಿಯ ಕೆಳಗೆ ಪೆಟ್ಟಿಗೆ ಇಟ್ಟೆ. ಕೈ ತಾನಾಗಿ ಸೀಸದ ಅಕ್ಷರಗಳ ಡಬ್ಬಿಗೆ ಹೋಯಿತು. ಬಾಣ ಇಟ್ಟೆ.

ಬಾಣ ಇಡದಿದ್ದರೆ ಡಾಕ್ಟರು ವಾಪಸ್ ಕಳಿಸುತ್ತಿದ್ದರು. ಇಟ್ಟೆ, ಯಾರೂ ಕೇಳಲಿಲ್ಲ. ಆಮೇಲೆ ಯಾರು ಹೆದರಿದರೂ ಮಲಗಿಸುತ್ತಿದ್ದೆ. ಸ್ವಲ್ಪ ಕಾಲದ ಮೇಲೆ ಅವರು ಹೆದರುವುದಕ್ಕೂ ನಾನು ಕಾಯುತ್ತಿರಲಿಲ್ಲ. ದಯೆ ಎಂದು ನನಗೆ ನಾನೇ ಹೇಳಿಕೊಂಡೆ. ಒಬ್ಬರನ್ನು ಪೀಠ ಹತ್ತಿಸಿ ಇಳಿಸುವ ಹೊತ್ತಿನಲ್ಲಿ ಮೂವರನ್ನು ಮಲಗಿಸಿ ಎಬ್ಬಿಸಬಹುದಿತ್ತು, ಊಟದ ಡಬ್ಬಿ ಆರುವ ಮೊದಲು ಕೈ ತೊಳೆಯಬಹುದಿತ್ತು ಎಂಬುದೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಹೆಚ್ಚು ಎಂದು ಇವತ್ತಿಗೂ ತೂಗಲಾರೆ. ರೋಗಿಗಳಿಗೆ ನಾನೆಂದರೆ ಪ್ರೀತಿ. ‘ಎಕ್ಸ್‌ರೇ ನಂಜುಂಡಣ್ಣ ಬಹಳ ಒಳ್ಳೆಯವರು, ತೊಂದರೆ ಕೊಡಲ್ಲ’ ಎಂದು ಕಾರಿಡಾರಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಕೇಳಲು ನನಗೆ ಹಿತವಾಗಿತ್ತು.

ಹಾಗೆ ಮಾತಾಡಿಕೊಳ್ಳುತ್ತಿದ್ದವರಲ್ಲಿ ಗಂಗವ್ವ ಒಬ್ಬರು. ಬಾಗಲಕೋಟೆಯ ಕಡೆಯವರು. ಮಗನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದು ಮಾರೇನಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದರು. ತಮ್ಮ ಕಡೆಯಿಂದ ಬಂದ ಹುಡುಗರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ವರ್ಷಗಟ್ಟಲೆ ನೆಲದ ಮೇಲೆ ಕೂತು ಬಡಿದು ಬಡಿದು ಬಲ ಮಂಡಿ ಸವೆದುಹೋಗಿತ್ತು. ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ನೆಲದ ಮೇಲೆ ಕೂರಬಾರದು ಅಂದದ್ದಕ್ಕೆ ಮಗ ಎತ್ತರದ ಕಟ್ಟೆ ಕಟ್ಟಿಸಿಕೊಟ್ಟ. ‘ನಿಂತು ರೊಟ್ಟಿ ಬಡಿದ್ರ ರೊಟ್ಟಿಗೂ ಸೊಕ್ಕು ಬರ್ತೈತ್ರಿ ಅಣ್ಣಾರ, ಅಂಚಿಗೆ ಹರೀತಾವ’ ಎಂದು ನನ್ನ ಹತ್ತಿರ ದೂರಿದರು. ಆದರೂ ಬಿಡದೆ ನಿಂತೇ ಬಡಿದರು.

ಮೊದಲ ವರ್ಷದ ಫಿಲ್ಮ್ ನಿಲ್ಲಿಸಿಯೇ ತೆಗೆದಿದ್ದೆ. ಎರಡನೆಯ ವರ್ಷ ಬಂದಾಗ ಅವರು ಪೀಠದ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತರು.

‘ಇದನ್ನ ಮತ್ತ ಏರಬೇಕೇನ್ರಿ?’

‘ಅಂಜಿಕೆ ಆಗುತ್ತಾ ಅಮ್ಮ?’

‘ಅಂಜಿಕಿ ಏನಿಲ್ರಿ. ಕಾಲು ನಡಗತಾವ, ನಾ ಏನ್ ಮಾಡ್ಲಿ.’

‘ಬನ್ನಿ, ಮಲಗಿ. ಅದೂ ಅಷ್ಟೇ, ಇದೂ ಅಷ್ಟೇ.’

ಅದೂ ಅಷ್ಟೇ ಇದೂ ಅಷ್ಟೇ. ಆ ಮಾತನ್ನು ನಾನು ಎಷ್ಟು ಸಲ ಹೇಳಿರಬಹುದೋ.

ಆ ನಂತರ ಪ್ರತಿ ವರ್ಷವೂ ಅವರು ನೇರವಾಗಿ ಟೇಬಲ್ಲಿನ ಹತ್ತಿರವೇ ಹೋಗುತ್ತಿದ್ದರು. ಬರುವಾಗ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ಫಿಲ್ಮ್ ನೋಡಿ ಡಾಕ್ಟರು, ‘ಸಂದು ಹಾಗೇ ಇದೆ, ತುಂಬಾ ಚೆನ್ನಾಗಿದೆ’ ಅನ್ನುತ್ತಿದ್ದರು. ಗಂಗವ್ವ ಕೈ ಮುಗಿಯುತ್ತಿದ್ದರು, ಡಾಕ್ಟರಿಗೊಮ್ಮೆ, ನನಗೊಮ್ಮೆ.

ಇನ್ನು ಬರೆಯಬೇಕಾದ ಒಂದು ಮಾತಿಗೆ ಪೆನ್ನು ಹಿಂಜರಿಯುತ್ತದೆ. ಒಂದು ವರ್ಷ ಟೇಬಲ್ಲಿನಿಂದ ಇಳಿಯುತ್ತ ಅವರು ಕೇಳಿದರು, ‘ಅಣ್ಣಾರ, ನೋವೇನಿಲ್ರಿ. ಆದ್ರ ಕಾಲು ಮಡಚುವಾಗ ಒಳಗ ಉಸುಕು ಇದ್ದಂಗ ಅನಸ್ತೈತಿ. ಡಾಕ್ಟರಿಗೆ ಹೇಳ್ಲೇನು?’

ಉಸುಕು ಎಂದರೆ ಅವರ ಕಡೆ ಮರಳು. ಡಾಕ್ಟರು ಹೇಳಿದ್ದ ಪುಡಿ ನನಗೆ ನೆನಪಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಮೋಡದ ನೆರಳು ಅಂಗಳದಲ್ಲಿ ಹಾದುಹೋದ ಹಾಗೆ ಹಾದುಹೋಯಿತು. ಅವರು ಹೋಗಿ ಹೇಳಿದರೆ ಡಾಕ್ಟರು ಬಂದು ತಮ್ಮೆದುರೇ ನಿಲ್ಲಿಸಿ ತೆಗೆಸುತ್ತಾರೆ, ಆಗ ಹಳೆಯದೆಲ್ಲ ಹೊರಬೀಳುತ್ತದೆ ಅನ್ನುವುದೂ ಅದರ ಹಿಂದೆಯೇ ಬಂತು.

‘ಗಾಳಿ ಇರುತ್ತೆ ಅಮ್ಮ. ಪ್ರತಿ ವರ್ಷ ಫಿಲ್ಮ್ ಚೆನ್ನಾಗೇ ಬರ್ತಿದೆಯಲ್ಲ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರ?’

‘ಹೌದೇನ್ರಿ? ನೀವಂದ್ರ ಮುಗೀತು’ ಎಂದು ನಕ್ಕು ಹೋದರು. ಹೊಂಗೆಮರದ ನೆರಳು ಬಿದ್ದ ಕಾರಿಡಾರಿನಲ್ಲಿ ಅವರು ನಡೆದು ಹೋಗುವುದನ್ನು ನೋಡುತ್ತ ನಿಂತೆ. ಬಲಗಾಲು ತುಸುವೇ ಒಳಕ್ಕೆ ವಾಲಿತ್ತು. ಅಥವಾ ವಾಲಿರಲಿಲ್ಲ, ಆಮೇಲೆ ನಾನೇ ಹಾಗೆ ನೆನಪಿಸಿಕೊಂಡೆನೋ ಏನೋ. ಆ ನಡಿಗೆಯನ್ನು ಕನಸಿನಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಕಂಡದ್ದು ಯಾವುದು ಕನಸು ಯಾವುದು ಈಗ ಬೇರೆ ಮಾಡಲಾರೆ.

ಆ ದಶಕ ಮುಗಿಯುತ್ತ ಬಂದಾಗ ಕಂಪ್ಯೂಟರ್ ಎಕ್ಸ್‌ರೇ ಬಂತು. ಮದ್ದಿನ ತೊಟ್ಟಿ ಬರಿದಾಯಿತು. ಕತ್ತಲ ಕೋಣೆಯ ಬಲ್ಬು ಕಳಚಿ ಅಲ್ಲಿ ಸ್ಟೋರ್ ಮಾಡಿದರು. ಫಿಲ್ಮ್ ಎದ್ದು ಬರುವುದನ್ನು ಕಾಯುವ ಕೆಲಸವೇ ಇಲ್ಲ, ಪರದೆಯ ಮೇಲೆ ಚಿತ್ರ ತಟ್ಟನೆ ಬಂದು ಕೂರುತ್ತಿತ್ತು. ಯಂತ್ರದ ಜೊತೆಗೆ ಶ್ವೇತಾ ಎಂಬ ಹುಡುಗಿ ಬಂದಳು, ಡಿಪ್ಲೊಮಾ ಓದಿದವಳು. ನನ್ನನ್ನು ‘ಅಂಕಲ್’ ಅನ್ನುತ್ತಿದ್ದಳು. ಬಂದ ಮೂರನೆಯ ದಿನ ಪೀಠ ನೋಡಿ, ‘ಅಂಕಲ್, ಇದಕ್ಕೆ ಹಿಡ್ಕೊಳಕ್ಕೆ ಕಂಬಿ ಯಾಕಿಲ್ಲ? ಪಾಪ, ಹೆದರ್ಕೊಳ್ದೆ ಇನ್ನೇನ್ ಮಾಡ್ತಾರೆ?’ ಅಂದಳು. ಹೋಗಿ ಡಾಕ್ಟರನ್ನು ಕೇಳಿದಳು. ವಾರದೊಳಗೆ ವೆಲ್ಡಿಂಗಿನವನು ಬಂದು ಎರಡೂ ಬದಿಗೆ ಕಬ್ಬಿಣದ ಕಂಬಿ ಕೂರಿಸಿ ಹೋದ. ಒಂದು ಕಂಬಿ. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಗಂಗವ್ವನ ಆ ವರ್ಷದ ಫಿಲ್ಮನ್ನು ಶ್ವೇತಾ ತೆಗೆದಳು. ಅವರು ಟೇಬಲ್ಲಿನ ಕಡೆ ನಡೆದರೆ ಅವಳು ತೋಳು ಹಿಡಿದು ಪೀಠಕ್ಕೆ ಕರೆದೊಯ್ದಳು. ನಾನು ಬಾಗಿಲಲ್ಲೇ ಇದ್ದೆ. ಪರದೆಯ ಮೇಲೆ ಚಿತ್ರ ಬಂತು. ಮಂಡಿಯ ಒಳಬದಿಯಲ್ಲಿ ಸಂದು ಇರಲಿಲ್ಲ. ಲೋಹದ ಮೇಲೆ ಲೋಹ ಕೂತಿತ್ತು. ಕೆಳಗಿನ ಮೂಳೆಯಲ್ಲಿ ಗೆದ್ದಲು ಹಿಡಿದ ಮರದಲ್ಲಿರುವಂತೆ ಕಪ್ಪು ಪೊಳ್ಳುಗಳು.

ಡಾಕ್ಟರು ಹಿಂದಿನ ವರ್ಷಗಳ ಲಕೋಟೆಗಳನ್ನು ತರಿಸಿ ಎಲ್ಲವನ್ನೂ ಸಾಲಾಗಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಎಲ್ಲದರಲ್ಲೂ ಬಾಣ, ಎಲ್ಲದರಲ್ಲೂ ತೆರೆದ ಸಂದು. ಬಹಳ ಹೊತ್ತು ನೋಡಿದರು. ‘ಒಂದೇ ವರ್ಷದಲ್ಲಿ ಇಷ್ಟು ಹೇಗಾಗುತ್ತೆ?’ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಪ್ಲಾಸ್ಟಿಕ್ ಕೆಟ್ಟದಿರಬೇಕು ಎಂದು ಕಂಪನಿಗೆ ಪತ್ರ ಬರೆದರು. ತಾನೇ ಓರೆಯಾಗಿ ಕೂರಿಸಿದೆನೋ ಎಂದು ಹಳೆಯ ಟಿಪ್ಪಣಿ ತೆಗೆದು ನೋಡಿದರು. ಕೋಪಿಷ್ಠ ಮನುಷ್ಯ ಆ ವಾರವೆಲ್ಲ ಯಾರ ಮೇಲೂ ಕೂಗಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಎರಡನೆಯ ಆಪರೇಷನ್ ದೊಡ್ಡದು. ಹಳೆಯದನ್ನು ಕಿತ್ತು, ಪೊಳ್ಳಾದ ಕಡೆ ಬೇರೆ ಮೂಳೆ ತುಂಬಿ, ಉದ್ದನೆಯ ಕಂಬಿ ಇಳಿಸಿ ಮತ್ತೆ ಕಟ್ಟಿದರು. ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನ ಕಳೆದ ಮೇಲೆ ಹೊರಬಂದರು. ಡಾಕ್ಟರು ಮಗನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: ‘ಮೊದಲಿನ ಹಾಗೆ ಆಗುತ್ತೆ ಅಂತ ಹೇಳಕ್ಕಾಗಲ್ಲ ಕಣಪ್ಪ. ನಡೀತಾರೆ, ಆದರೆ ಕೋಲು ಬೇಕಾಗಬಹುದು. ನಿಂತು ದುಡಿಯೋದು ಬೇಡ. ಸೋಂಕು ಆಗದ ಹಾಗೆ ನೋಡ್ಕೋಬೇಕು. ಇನ್ನೊಂದು ಸಲ ಮಾಡೋಕೆ ಅಲ್ಲಿ ಮೂಳೆ ಇಲ್ಲ.’

ಇನ್ನೊಂದು ಸಲ ಮಾಡೋಕೆ ಅಲ್ಲಿ ಮೂಳೆ ಇಲ್ಲ. ಆ ದಿನ ಮನೆಗೆ ನಡೆದೇ ಹೋದೆ.

ಐದನೆಯ ದಿನ ವಾರ್ಡಿಗೆ ಹೋದೆ. ಮಧ್ಯಾಹ್ನ, ಮಗ ಕೆಲಸಕ್ಕೆ ಹೋಗಿದ್ದ. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಗಂಗವ್ವ ನನ್ನನ್ನು ನೋಡಿ, ‘ಬರ್ರಿ ಅಣ್ಣಾರ, ಈ ಸಲ ರೊಟ್ಟಿ ಇಲ್ಲ ನೋಡ್ರಿ’ ಅಂದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಮಲಗಿಸಿದ್ದು, ಬಾಣ ಇಟ್ಟದ್ದು, ಉಸುಕಿನ ಮಾತು ತಿಳಿದೂ ಗಾಳಿ ಅಂದದ್ದು. ಬೇಗ ಕಂಡಿದ್ದರೆ ಬಿಲ್ಲೆಯೊಂದನ್ನು ಬದಲಿಸಿ ಮನೆಗೆ ಕಳಿಸುತ್ತಿದ್ದರು ಎನ್ನುವುದನ್ನೂ ಹೇಳಿದೆ.

ಅವರು ಕೇಳುತ್ತ ಕೇಳುತ್ತ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

‘ನಾನಽ ಅಂದೆ, ಕಾಲು ನಡಗತಾವ ಅಂತ’ ಅಂದರು ಕೊನೆಗೆ.

‘ನಿಮಗೆ ಗೊತ್ತಿರಲಿಲ್ಲ ಅಮ್ಮ. ನನಗೆ ಗೊತ್ತಿತ್ತು.’

‘ಹೌದಲ್ಲ’ ಅಂದರು. ನಾನು ಕೈ ಮುಗಿದುಕೊಂಡೇ ಇದ್ದೆ. ಬೈಯಲಿ ಎಂದು ಕಾಯುತ್ತಿದ್ದೆ. ಅಳಲಿ, ಬಿಡಿ ಅನ್ನಲಿ, ಏನಾದರೂ ಒಂದು ಆಗಲಿ ಎಂದು.

‘ನನ್ನಂಗ ಇನ್ನ ಎಷ್ಟು ಮಂದಿನ್ನ ಮಲಗಿಸಿರಿ?’

ನಾನು ಅವರ ಒಂದು ಮಂಡಿಯ ಲೆಕ್ಕದಲ್ಲಿ ಬಂದಿದ್ದೆ. ಆ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ‘ಬಹಳ ಜನ ಅಮ್ಮ’ ಅಂದೆ.

‘ಮತ್ತ ಇಲ್ಲಿ ಯಾಕ ನಿಂತೀರಿ?’

ಅಲ್ಲಿಂದ ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಹೇಳಿ ಮುಗಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಎಷ್ಟು ವರ್ಷದಿಂದ?’

‘ಐದಾರು ವರ್ಷ ಆಗಿರಬಹುದು ಸಾರ್.’

‘ನನ್ನ ಕೈ ಮೇಲೆ ನನಗೇ ಅನುಮಾನ ಬಂದಿತ್ತಲ್ಲಯ್ಯ. ನೀನು ಪಕ್ಕದಲ್ಲೇ ನಿಂತಿದ್ದೆ.’

‘ಕೆಲಸದಿಂದ ತೆಗೆದುಹಾಕಿ ಸಾರ್.’

‘ತೆಗೆದ್ರೆ ನಿನಗೆ ಹಾಯಾಗುತ್ತೆ. ಯಾವುದು ನಿಂತದ್ದು ಯಾವುದು ಮಲಗಿಸಿದ್ದು ಅಂತ ಹೇಳೋರು ಯಾರು? ಬಾಣ ಎಲ್ಲದರಲ್ಲೂ ಇದೆ. ಸ್ಟೋರಿಗೆ ಹೋಗಿ ಕೂತ್ಕೊ.’

ಹಾಗೆ ನಾನು ಹಳೆಯ ಕತ್ತಲ ಕೋಣೆಗೆ ಮರಳಿದೆ. ಈಗ ಅಲ್ಲಿ ಬಿಳಿ ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಕಂದು ಲಕೋಟೆಗಳು. ಒಂದೊಂದೇ ಫಿಲ್ಮ್ ತೆಗೆದು ಬೆಳಕಿಗೆ ಹಿಡಿದೆ. ಡಾಕ್ಟರಿಗೆ ತಿಳಿಯದ ಒಂದು ಗುರುತು ನನಗೆ ತಿಳಿದಿತ್ತು. ನಿಲ್ಲಿಸಿ ತೆಗೆಯುವಾಗ ಪೆಟ್ಟಿಗೆ ಜಾರದಂತೆ ಸ್ಟ್ಯಾಂಡಿನ ಮುಂದೆ ಒಂದು ಮೊಳೆ ಹೊಡೆದಿದ್ದೆ. ನಿಜವಾಗಿ ನಿಂತವರ ಫಿಲ್ಮಿನ ಕೆಳಮೂಲೆಯಲ್ಲಿ ಆ ಮೊಳೆಯ ನೆರಳು ಅಕ್ಕಿಕಾಳಿನಷ್ಟು ಬಿದ್ದಿರುತ್ತಿತ್ತು. ಮಲಗಿಸಿದವರ ಫಿಲ್ಮಿನಲ್ಲಿ ಬಾಣ ಇತ್ತು, ಮೊಳೆ ಇರಲಿಲ್ಲ. ಮೊಳೆ ಇಲ್ಲದ್ದನ್ನೆಲ್ಲ ಬೇರೆ ಇಡುತ್ತ ಹೋದೆ. ಸಂಜೆಯ ಹೊತ್ತಿಗೆ ಆ ರಾಶಿ ಮೊಣಕಾಲೆತ್ತರ ಬೆಳೆಯುತ್ತಿತ್ತು. ಆ ವಾರಗಳು ನನಗೆ ಎಚ್ಚರದಲ್ಲಿ ಕಳೆದಂತೆ ನೆನಪಿಲ್ಲ. ನೀರಿನಡಿ ಕೂತು ಮೇಲಿನ ಬೆಳಕನ್ನು ನೋಡುತ್ತಿದ್ದ ಹಾಗೆ ನೆನಪಿದೆ.

ಆ ರಾಶಿಯಲ್ಲಿದ್ದವರಿಗೆಲ್ಲ ಶ್ವೇತಾ ಫೋನ್ ಮಾಡಿದಳು. ನಂಬರ್ ಬದಲಾದವರ ಮನೆಗೆ ನಾನು ಹೋದೆ. ವಿಜಯನಗರದ ಒಂದೊಂದು ಕ್ರಾಸಿನಲ್ಲೂ ಸ್ಕೂಟರ್ ನಿಲ್ಲಿಸಿ ಕೇಳಿದೆ. ಕೆಂಗೇರಿಯಲ್ಲಿ ಒಬ್ಬರು ನನ್ನನ್ನು ವಿಮೆ ಮಾರುವವನೆಂದುಕೊಂಡು, ‘ನಮ್ಮದೆಲ್ಲ ಆಯ್ತಪ್ಪ, ಇನ್ನು ಸಾಯೋದೊಂದು ಬಾಕಿ, ಅದಕ್ಕೂ ಪಾಲಿಸಿ ಇದೆ’ ಎಂದು ಗೇಟು ಹಾಕಿದರು. ಎರಡನೆಯ ಸಲ ಹೋದಾಗ ಕಾಫಿ ಕೊಟ್ಟರು. ಪ್ರತಿ ಮನೆಯಲ್ಲೂ ನಾನು ಕಾರಣ ಹೇಳುತ್ತಿದ್ದೆ. ‘ನಿಮ್ಮ ಫಿಲ್ಮನ್ನು ನಾನು ಸರಿಯಾಗಿ ತೆಗೆದಿರಲಿಲ್ಲ, ಇನ್ನೊಂದು ಸಲ ಬರಬೇಕು.’ ಕೆಲವರು ಬೈದರು. ಬಹಳ ಜನ, ಆಗ ಚೆನ್ನಾಗಿ ನೋಡಿಕೊಂಡಿದ್ದಿರಿ ಎಂದು ನನಗೇ ಸಮಾಧಾನ ಹೇಳಿದರು. ಬೈಗುಳವೇ ಹಗುರವಾಗಿತ್ತು.

ಬಂದವರಲ್ಲಿ ಹೆಚ್ಚಿನವರ ಮಂಡಿ ಚೆನ್ನಾಗಿತ್ತು. ನಾಗರಭಾವಿಯ ಒಬ್ಬ ಶಿಕ್ಷಕಿಯ ಮಂಡಿಯಲ್ಲಿ ಸಂದು ಅರ್ಧಕ್ಕೆ ಇಳಿದಿತ್ತು, ಮೂಳೆ ಇನ್ನೂ ಕೆಟ್ಟಿರಲಿಲ್ಲ. ಡಾಕ್ಟರು ಬಿಲ್ಲೆಯೊಂದನ್ನು ಬದಲಿಸಿದರು. ಕೆಲವೇ ದಿನಗಳಲ್ಲಿ ಅವರು ಕೈಚೀಲ ಹಿಡಿದು ತಾವೇ ಮೆಟ್ಟಿಲಿಳಿದು ಹೋದರು. ಗಂಗವ್ವನಿಗೂ ಇದು ಇಷ್ಟೇ ಆಗಬೇಕಿತ್ತು. ಆ ದಿನ ಸ್ಟೋರಿನ ಬಾಗಿಲು ಹಾಕಿಕೊಂಡು ಅತ್ತೆ.

ನಿವೃತ್ತಿಯಾಗುವ ಹೊತ್ತಿಗೆ ಒಬ್ಬರನ್ನು ಬಿಟ್ಟು ಎಲ್ಲರೂ ಸಿಕ್ಕಿದ್ದರು. ಅದನ್ನು ಹೇಳಲು ಮಾರೇನಹಳ್ಳಿಗೆ ಹೋದೆ. ಗಂಗವ್ವ ಕೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ರೊಟ್ಟಿ ಬಡಿಯುವುದು ನಿಂತಿತ್ತು. ಸೊಸೆಗೆ ಬರುವುದಿಲ್ಲ, ಹುಡುಗರು ಬೇರೆ ಕಡೆ ಹೋದರು ಅಂದರು. ಎತ್ತರದ ಕಟ್ಟೆಯ ಮೇಲೆ ಬಟ್ಟೆಗಳನ್ನು ಮಡಚಿ ಇಟ್ಟಿದ್ದರು.

‘ಅಮ್ಮ, ನನ್ನ ಮೇಲೆ ಸಿಟ್ಟು ಇನ್ನೂ ಇದೆಯಾ?’

‘ಐತ್ರಿ.’

‘ಕ್ಷಮಿಸಿದೆ ಅನ್ನೋದಿಲ್ವಾ?’

ಅವರು ಕೋಲನ್ನು ಕುರ್ಚಿಗೆ ಒರಗಿಸಿದರು. ‘ಅಂದ್ರ ನೀವು ಆ ಒಬ್ಬರನ್ನ ಹುಡಕೂದು ಬಿಡ್ತೀರಿ’ ಅಂದರು. ಆಮೇಲೆ ಸೊಸೆಯನ್ನು ಕೂಗಿ ನನಗೆ ಚಹಾ ಮಾಡಿಸಿದರು.

ಆ ಒಬ್ಬರು ಅನ್ನಪೂರ್ಣೇಶ್ವರಿ ನಗರದಲ್ಲಿ ಬಾಡಿಗೆಗಿದ್ದವರು. ಎಡ ಮಂಡಿ. ಸಾದಾ ಮಾತಿನ, ಎತ್ತರದ ಮನುಷ್ಯ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಮೊದಲಿದ್ದವರು ಎಲ್ಲಿಗೆ ಹೋದರೆಂದು ಓನರಿಗೂ ತಿಳಿಯದು. ಅವರ ಮುಖ ನನಗೆ ನೆನಪಿಲ್ಲ, ಮಂಡಿಯ ಚಿತ್ರ ಮಾತ್ರ ನೆನಪಿದೆ. ಅದನ್ನು ಯಾರಿಗೆ ತೋರಿಸಿ ಗುರುತು ಕೇಳಲಿ?

ಸಂಜೆ ವಾಕಿಂಗಿಗೆ ಹೋಗುತ್ತೇನೆ. ಬೀದಿದೀಪ ಹತ್ತುವ ಮೊದಲಿನ ಬೆಳಕಿನಲ್ಲಿ ಪಾರ್ಕಿನ ಸುತ್ತ ಹಿರಿಯರು ನಡೆಯುತ್ತಿರುತ್ತಾರೆ. ನಾನು ಅವರ ಕಾಲುಗಳನ್ನೇ ನೋಡುತ್ತೇನೆ. ಎತ್ತರದ ಮನುಷ್ಯ, ಎಡಗಾಲು ತುಸು ವಾಲಿದೆ ಅನ್ನಿಸಿದರೆ ಹೆಜ್ಜೆ ಜೋರು ಮಾಡಿ ಹತ್ತಿರ ಹೋಗುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ಇಲ್ಲ.

‘ಸಾರ್, ಒಂದು ನಿಮಿಷ. ತಪ್ಪು ತಿಳ್ಕೋಬೇಡಿ. ನಿಮ್ಮ ಮಂಡಿ ಆಪರೇಷನ್ ಎಲ್ಲಿ ಮಾಡಿಸಿದ್ರಿ?’